ಪುಷ್ಯ ಮಳೆಯಲ್ಲಿ ಗೋಕರ್ಣಕ್ಕೆ

(ಕುಮಟಾದಲ್ಲಿ ಮಳೆಗಾಲದ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ನೆನಪಾದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾಡಿನ ಮೇಲೆ ಮಳೆ ಹೀಗೆ ಹೊಡೆಯುತ್ತಿರುವಾಗ ಮಾತಾಡುವುದು ಕಷ್ಟ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಇನ್ನೊಮ್ಮೆ ಹೇಳುತ್ತೇನೆ. ಆದರೆ ಈ ಸದ್ದು ನನಗೆ ಇಷ್ಟ. ನಾನು ಹೇಳಲು ಬಂದಿರುವ ಕಥೆ ಪೂರ್ತಿ ಈ ಸದ್ದಿನೊಳಗೇ ನಡೆದದ್ದು.

2022ರಲ್ಲಿ ಭೀಮನ ಅಮಾವಾಸ್ಯೆ ಜುಲೈ 28ಕ್ಕೆ ಬಂದಿತ್ತು. ಮರುದಿನ ಬೆಳಿಗ್ಗೆ ಶಿರಸಿಯ ಮಾರಿಕಾಂಬೆಗೆ ಕೈಮುಗಿದು ನಾವು ಐದು ಜನ ಗೋಕರ್ಣಕ್ಕೆ ನಡೆದು ಹೊರಟೆವು. ಆಗಸ್ಟ್ 1, ಶ್ರಾವಣದ ಮೊದಲ ಸೋಮವಾರ. ಆ ದಿನ ಮಹಾಬಲೇಶ್ವರನ ಬಾಗಿಲಲ್ಲಿದ್ದೆವು. ಸುಮಾರು 80 ಕಿಲೋಮೀಟರ್. ದಾರಿ ನಿಮಗೆಲ್ಲ ಗೊತ್ತಿರುವುದೇ. ರಾಗಿಹೊಸಳ್ಳಿ, ದೇವಿಮನೆ, ಘಟ್ಟ ಇಳಿದು ಕತಗಾಲ, ಹೆದ್ದಾರಿಗೆ ಬಂದು ದೀವಗಿ ಸೇತುವೆ, ಮಿರ್ಜಾನ್, ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ. ಬಸ್ಸಿನಲ್ಲಿ ಕೂತರೆ ಅರ್ಧ ದಿನವೂ ಬೇಡ. ನಮಗೆ ನಾಲ್ಕು ದಿನ ಬೇಕಾಯಿತು.

ಹಿಂದೆ ಘಟ್ಟದ ಮೇಲಿನವರು ಶಿವರಾತ್ರಿಗೆ ಗೋಕರ್ಣಕ್ಕೆ ನಡೆದೇ ಹೋಗುತ್ತಿದ್ದರು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಅದು ಹೊಳೆ ಇಳಿದಿರುವ, ದಾರಿ ಒಣಗಿರುವ ಹೊತ್ತು. ಮಳೆಗಾಲದಲ್ಲಿ ಯಾರೂ ಹೊರಡುತ್ತಿರಲಿಲ್ಲ. ನಾವು ಯಾಕೆ ಹೊರಟೆವು ಅಂದರೆ, ಹರಕೆ.

ಹರಕೆ ನಮ್ಮ ಪಕ್ಕದ ಮನೆ ಅತ್ತೆಯದು. ನನಗೆ ರಕ್ತಸಂಬಂಧ ಏನಿಲ್ಲ, ಚಿಕ್ಕಂದಿನಿಂದ ಅತ್ತೆ ಅಂತ ಕರೆದು ರೂಢಿ. ಆಗ ಅವರಿಗೆ ಅರವತ್ತೇಳು. 2021ರಲ್ಲಿ ಕೊರೊನಾದ ಎರಡನೇ ಅಲೆ ಬಂತಲ್ಲ, ಆಗ ಅವರ ಮೊಮ್ಮಗ ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ. ಆಮ್ಲಜನಕ ಹಾಕಿದ್ದರು. "ಮಾಣಿ ಎದ್ದು ಬಂದರೆ ಶ್ರಾವಣ ಸೋಮವಾರಕ್ಕೆ ಅವನನ್ನು ಕರ್ಕೊಂಡು ನಡೆದೇ ಬರ್ತೆ" ಅಂತ ಅತ್ತೆ ಹೇಳಿಕೊಂಡಿದ್ದರು. ಮಾಣಿ ಎದ್ದು ಬಂದ. ಅದೇ ಅಲೆಯಲ್ಲಿ ನನ್ನ ಅಮ್ಮ ಹೋದಳು. ಆ ಹನ್ನೆರಡು ದಿನ ನಮ್ಮ ಮನೆಗೆ ಒಬ್ಬರೂ ಬರುವ ಹಾಗಿರಲಿಲ್ಲ. ಅತ್ತೆ ಬೇಲಿಯ ಆಚೆ ನಿಂತು ಊಟದ ಕ್ಯಾರಿಯರ್ ಇಟ್ಟು ಹೋಗುತ್ತಿದ್ದರು. ಆಮೇಲೆ ಒಂದು ವರ್ಷ ನಾನು ಒಬ್ಬಳೇ ಉಂಡೆ. ಒಬ್ಬಳೇ ಉಣ್ಣುವವರಿಗೆ ಗೊತ್ತಿರುತ್ತದೆ, ಬಡಿಸಿಕೊಂಡದ್ದೇ ಮರೆತು ಹೋಗುತ್ತದೆ. ಅತ್ತೆ ಒಂದು ದಿನ ಬಂದು "ನೀನೂ ಬಾ" ಅಂದರು. ಅಷ್ಟೇ. ಯಾಕೆ, ಏನು ಅಂತ ನಾನು ಕೇಳಲಿಲ್ಲ.

ನಾಲ್ಕನೆಯವರು ಕಾರವಾರದ ಮಾಮ. ಬಸ್ ಡ್ರೈವರ್ ಆಗಿ ನಿವೃತ್ತರಾದವರು, ಶಿರಸಿಯಲ್ಲಿ ಮಗಳ ಮನೆ. ಮನೆಮಾತು ಕೊಂಕಣಿ. ಎರಡು ಸಲ ಪಂಢರಪುರದ ವಾರಿ ನಡೆದವರು. ಐದನೆಯವಳು ಅಕ್ಕ. ಕುಮಟಾ ಕಡೆಯವಳು, ಮೀನುಗಾರರ ಮನೆಯವಳು. ಬೇಸಿಗೆಯಲ್ಲಿ ಒಣಮೀನಿನ ಬುಟ್ಟಿ ಹೊತ್ತು ಘಟ್ಟ ಹತ್ತಿ ಬರುತ್ತಾಳೆ. ಆ ದಿನ ಮಾರಿಕಾಂಬೆಗೆ ಉಡಿ ತುಂಬಿಸಲು ಬಂದಿದ್ದಳು. ಗುಡಿಯ ಮೆಟ್ಟಿಲ ಮೇಲೆ ನಮ್ಮ ಗಂಟು, ಕೋಲು, ಕಂಬಳಿ ನೋಡಿ ಎಲ್ಲಿಗೆ ಅಂತ ಕೇಳಿದಳು. ಹೇಳಿದೆವು. ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ದೋಣಿ ಎಲ್ಲ ಮೇಲಿದೆ, ನನಗೂ ಕೆಲಸ ಇಲ್ಲ. ನಾನೂ ಬರ್ತೆ" ಅಂದಳು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ. ಆ ಎರಡು ತಿಂಗಳು ಕರಾವಳಿಯ ಎಷ್ಟೋ ಮನೆಗಳಲ್ಲಿ ಕೈ ಖಾಲಿ ಇರುತ್ತದೆ. ಹೀಗೆ ಐವರಾದೆವು. ಮೂರು ಜನ ಘಟ್ಟದ ಮೇಲಿನವರು, ಇಬ್ಬರು ಕೆಳಗಿನವರು.

ಹೊರಡುವಾಗಲೇ ಮಾಮ ಒಂದು ಕ್ರಮ ಮಾಡಿದರು. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ. ಹಾಗಾಗಿ ಅತ್ತೆ ಮುಂದೆ, ಮಾಣಿ ಕೊನೆಗೆ. ಅತ್ತೆಯನ್ನು ದಾಟಿ ಯಾರೂ ಹೋಗುವ ಹಾಗಿಲ್ಲ. ಮಾಣಿಗೆ ಮೊದಲ ಒಂದು ತಾಸು ಇದು ಬಹಳ ಕಷ್ಟವಾಯಿತು. ಹತ್ತೊಂಬತ್ತರ ಹುಡುಗ, ಕಾಲು ತಡೆಯುವುದಿಲ್ಲ. ಮಾಮ ಅವನಿಗೆ ವಾರಿಯ ಕಥೆ ಹೇಳುತ್ತಾ ಬಂದರು. ಆಳಂದಿಯಿಂದ ಜ್ಞಾನೇಶ್ವರರ ಪಾದುಕೆ, ದೇಹುವಿನಿಂದ ತುಕಾರಾಮರ ಪಾದುಕೆ ಪಲ್ಲಕ್ಕಿಯಲ್ಲಿ ಹೊರಡುತ್ತವೆ. ಆಷಾಢ ಏಕಾದಶಿಗೆ ಪಂಢರಪುರ ಸೇರಬೇಕು. ಹತ್ತಿರ ಹತ್ತಿರ 250 ಕಿಲೋಮೀಟರ್, ಅದೂ ಮಳೆಗಾಲವೇ. ಲಕ್ಷಗಟ್ಟಲೆ ಜನ ದಿಂಡಿ ದಿಂಡಿಯಾಗಿ ನಡೆಯುತ್ತಾರೆ. ಹೆಂಗಸರು ತಲೆಯ ಮೇಲೆ ತುಳಸಿಕಟ್ಟೆ ಹೊತ್ತಿರುತ್ತಾರೆ. ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರೂ ಒಬ್ಬರಿಗೊಬ್ಬರು "ಮಾವುಲಿ". ಅಂದರೆ ತಾಯಿ. ಗಡ್ಡದ ಮುದುಕನೂ ತಾಯಿ, ನೀರು ಕೊಡುವ ಪೊಲೀಸನೂ ತಾಯಿ. ಇದು ಮಾಣಿಗೆ ಹಿಡಿಸಿಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅವನು ನಮ್ಮನ್ನೆಲ್ಲ ಮಾವುಲಿ ಅಂತಲೇ ಕರೆಯುತ್ತಿದ್ದ. "ಅಮ್ಮಮ್ಮ ಮಾವುಲಿ, ನೀರು ಬೇಕಾ?"

ಮಳೆಯ ಬಗ್ಗೆ ಹೇಳಬೇಕು. ಪುಷ್ಯದ ಮಳೆ ಅಂದರೆ ನಮ್ಮ ಕಡೆ ಬಿಡುವಿಲ್ಲದ ಮಳೆ. ಅದರಲ್ಲೂ ತರಾವರಿ ಇದೆ. ಬೆಳಿಗ್ಗೆ ಜಿಟಿಜಿಟಿ, ಮುಖಕ್ಕೆ ಹಿಟ್ಟು ಎರಚಿದ ಹಾಗೆ. ಹತ್ತು ಗಂಟೆಗೆ ದೂರದ ಕಾಡಿನಿಂದ ಒಂದು ಸದ್ದು ಓಡಿ ಬರುತ್ತದೆ. ಮೊದಲು ಸದ್ದು, ಆಮೇಲೆ ಎಲೆ ಅಲುಗುವುದು, ಆಮೇಲೆ ಮಳೆ. ಎಣಿಸಿದರೆ ಹತ್ತು ಹನ್ನೆರಡು ಸಿಗುತ್ತದೆ. ಅಷ್ಟರೊಳಗೆ ಕೊಪ್ಪೆ ಎಳೆದುಕೊಳ್ಳಬೇಕು. ನಾನು ಹೊಸ ರೇನ್‌ಕೋಟ್ ಹಾಕಿಕೊಂಡಿದ್ದೆ. ಒಳಗಿನ ಬೆವರಿಗೇ ಬಟ್ಟೆ ಒದ್ದೆಯಾಗುತ್ತಿತ್ತು. ಅತ್ತೆಯದು ಕರಿ ಕಂಬಳಿಯ ಕೊಪ್ಪೆ, ಅವರ ಮಾವನ ಕಾಲದ್ದು. ಕಂಬಳಿ ನೀರು ಕುಡಿಯುತ್ತದೆ, ಭಾರವಾಗುತ್ತದೆ. ಆದರೂ ಒಳಗೆ ಬೆಚ್ಚಗೇ ಇರುತ್ತದೆ. ಉಣ್ಣೆಯ ಗುಣ ಅದು, ನೆನೆದರೂ ಶಾಖ ಬಿಟ್ಟುಕೊಡುವುದಿಲ್ಲ. ಗದ್ದೆಯಲ್ಲಿ ನೆಟ್ಟಿ ಮಾಡುವವರು ಇದನ್ನೇ ಹೊದ್ದು ದಿನವಿಡೀ ಬಗ್ಗಿ ನಿಂತಿರುತ್ತಿದ್ದರು, ಇಲ್ಲವೇ ಗೊರಬು.

ಇನ್ನು ಉಂಬಳ, ಅಂದರೆ ಮಳೆಗಾಡಿನ ಜಿಗಣೆ. ನಗಬೇಡಿ, ನನ್ನ ಇಡೀ ಮಾತಿನ ಮುಖ್ಯ ವಿಷಯ ಅದೇ. ಉಂಬಳ ಹತ್ತುವುದು ಗೊತ್ತೇ ಆಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಅನ್ನುವ ಅಂಶ ಇದೆ. ಅದಕ್ಕೇ ಉಂಬಳ ಬಿದ್ದು ಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಅಕ್ಕ ಕೋಲಿನ ತುದಿಗೆ ಉಪ್ಪು, ಸುಣ್ಣ, ಹೊಗೆಸೊಪ್ಪು ಸೇರಿಸಿ ಬಟ್ಟೆಯ ಗಂಟು ಕಟ್ಟಿದ್ದಳು. ಮುಟ್ಟಿಸಿದರೆ ಸಾಕು, ಸುರುಟಿ ಬೀಳುತ್ತದೆ. ಆದರೆ ಮೊದಲು ಕಾಣಬೇಕಲ್ಲ? ಮೊಣಕಾಲಿನ ಹಿಂದೆ, ಮೀನಖಂಡದ ಮೇಲೆ, ಹಿಮ್ಮಡಿಯ ಮೇಲೆ ಹತ್ತಿದ್ದು ಹತ್ತಿಸಿಕೊಂಡವರಿಗೆ ಕಾಣುವುದಿಲ್ಲ. ಹಿಂದೆ ಬರುವವರಿಗೆ ಕಾಣುತ್ತದೆ.

ಹೀಗಾಗಿ ಸಾಲಿನಲ್ಲಿ ಪ್ರತಿಯೊಬ್ಬರೂ ಮುಂದಿನವರ ಕಾಲು ನೋಡುತ್ತಾ ನಡೆಯಬೇಕಾಯಿತು. ಅತ್ತೆಯ ಕಾಲು ನನ್ನ ಪಾಲು. ನನ್ನ ಕಾಲು ಅಕ್ಕನ ಪಾಲು. ಅಕ್ಕನದು ಮಾಮನಿಗೆ, ಮಾಮನದು ಮಾಣಿಗೆ. ಕೊನೆಯವನಾದ್ದರಿಂದ ಮಾಣಿಯನ್ನು ಅರ್ಧ ತಾಸಿಗೊಮ್ಮೆ ನಿಲ್ಲಿಸಿ ಎಲ್ಲರೂ ಸೇರಿ ನೋಡುತ್ತಿದ್ದೆವು. ನಾನು ಯೋಚನೆ ಮಾಡಿದೆ. ಒಂದು ವರ್ಷ ನನ್ನನ್ನು ಯಾರೂ ಇಷ್ಟು ಗಮನ ಕೊಟ್ಟು ನೋಡಿರಲಿಲ್ಲ. ನಾನೂ ಯಾರನ್ನೂ ನೋಡಿರಲಿಲ್ಲ. ಅತ್ತೆಯ ಬಲ ಹಿಮ್ಮಡಿ ಒಡೆದದ್ದು, ಎಡಗಾಲು ಸ್ವಲ್ಪ ಹೊರಕ್ಕೆ ಬೀಳುವುದು, ಸುಸ್ತಾದಾಗ ಕೋಲು ಬೇರೆ ಕೈಗೆ ಹೋಗುವುದು, ಎಲ್ಲ ನನಗೆ ಗೊತ್ತಾಯಿತು. ನಲವತ್ತು ವರ್ಷ ಪಕ್ಕದ ಮನೆಯಲ್ಲಿದ್ದು ನೋಡದ್ದನ್ನು ಒಂದು ದಿನದಲ್ಲಿ ನೋಡಿದೆ. "ನಿಲ್ಲಿ ಅತ್ತೆ" ಅಂದ ಕೂಡಲೇ ಅವರು ತಿರುಗಿಯೂ ನೋಡದೆ ಸೀರೆ ಸ್ವಲ್ಪ ಎತ್ತಿ ನಿಲ್ಲುತ್ತಿದ್ದರು. ಆ ನಂಬಿಕೆ ನನಗೆ ಈಗಲೂ ದೊಡ್ಡದಾಗಿ ಕಾಣುತ್ತದೆ.

ಮೊದಲ ರಾತ್ರಿ ರಸ್ತೆ ಬದಿಯ ಒಂದು ತೋಟದ ಮನೆಯಲ್ಲಿ ಉಳಿದೆವು. ಗುರುತಿನವರಲ್ಲ. ಮಳೆ ಕಡಿಮೆಯಾಗುವವರೆಗೆ ಜಗಲಿಯಲ್ಲಿ ನಿಲ್ಲುತ್ತೇವೆ ಅಂತ ಕೇಳಿದೆವು. ಒಳಗಿಂದ ಮನೆಯಾಕೆ ಬಂದು "ಆಸ್ರಿಗೆ ಎಂತ ಮಾಡವು?" ಅಂದರು. ಕುಡಿಯಲು ಏನು ಮಾಡಲಿ ಅಂತ. ನಮ್ಮ ಹವ್ಯಕರ ಮನೆಗಳಲ್ಲಿ ಇದೊಂದು ಮಾತು ಬಿದ್ದರೆ ಮುಗಿಯಿತು, ಆಮೇಲೆ ಹೊರಡುವ ಪ್ರಶ್ನೆಯೇ ಇಲ್ಲ. ಕಷಾಯ ಬಂತು. ಹಲಸಿನ ಹಪ್ಪಳ ಬಂತು. ಬಚ್ಚಲ ಒಲೆಗೆ ದೊಡ್ಡ ಕುಂಟೆ ನೂಕಿ, ಹಂಡೆ ತುಂಬ ಬಿಸಿನೀರು. ದಿನವಿಡೀ ನೆನೆದು ಬಿಳಚಿಕೊಂಡ ಪಾದಕ್ಕೆ ಆ ಬಿಸಿನೀರು ಬಿದ್ದಾಗ ಮಾಮ ಒಳಗಿನಿಂದಲೇ "ಪಾಂಡುರಂಗಾ" ಅಂತ ಕೂಗಿದ್ದು ಜಗಲಿಗೆ ಕೇಳಿಸಿತು. ನಮ್ಮ ಬಟ್ಟೆ ಪೂರ್ತಿ ಒಲೆಯ ಮೇಲಿನ ಹಗ್ಗಕ್ಕೆ ಹೋಯಿತು. ಬೆಳಿಗ್ಗೆ ಎಲ್ಲದಕ್ಕೂ ಹೊಗೆಯ ವಾಸನೆ. ಆಮೇಲಿನ ಮೂರೂ ದಿನ ನಮ್ಮ ಮೈಯಿಂದ ಅದೇ ವಾಸನೆ ಬರುತ್ತಿತ್ತು.

ಮನೆಯ ಯಜಮಾನರು ಮಳೆಗಾಲದಲ್ಲಿ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ಮಾಣಿಗೂ ಯಕ್ಷಗಾನದ ಹುಚ್ಚು ಇದೆ ಅಂತ ಅತ್ತೆ ಬಾಯಿಬಿಟ್ಟರು. ಗೋಕರ್ಣಕ್ಕೆ ಹೊರಟವರು ಅಲ್ವಾ, ಕಥೆಯೂ ಅದೇ ಇರಲಿ ಅಂದರು ಯಜಮಾನರು. ಭಾಗವತರಿಲ್ಲ, ಮದ್ದಳೆಯಿಲ್ಲ. ನಮ್ಮ ಊಟದ ಕ್ಯಾರಿಯರೇ ಮದ್ದಳೆ. ಯಜಮಾನರು ರಾವಣ. ಆತ್ಮಲಿಂಗ ಹೊತ್ತು ಲಂಕೆಗೆ ಹೊರಟಿದ್ದಾನೆ, ಸಂಧ್ಯಾವಂದನೆಯ ಹೊತ್ತಾಗಿದೆ, ನೆಲಕ್ಕೆ ಇಡುವ ಹಾಗಿಲ್ಲ. ಮಾಣಿ ದನ ಕಾಯುವ ಹುಡುಗನ ವೇಷದ ಗಣಪತಿ. "ಮೂರು ಸಲ ಕರೆಯುತ್ತೇನೆ, ಬರದಿದ್ದರೆ ಕೆಳಗೆ ಇಡುತ್ತೇನೆ." ಕಥೆ ಎಲ್ಲರಿಗೂ ಗೊತ್ತು. ಆದರೂ ಮೈ ಬಿಗಿ ಹಿಡಿದು ಕೂತೆವು. ಮಾಣಿ ಎದ್ದು ನಿಂತು ಮಳೆಯ ಸದ್ದನ್ನು ಮೀರಿಸಿ ಕೂಗಿದ. "ರಾವಣಾ..." ಒಂದೇ ಉಸಿರಿನಲ್ಲಿ, ಉದ್ದಕ್ಕೆ. ಎರಡನೇ ಸಲ ಇನ್ನೂ ಉದ್ದ. ಮೂರನೇ ಸಲಕ್ಕೆ ಕೊಟ್ಟಿಗೆಯ ದನ ಕೂಗಿತು, ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಅತ್ತೆಯನ್ನು ನೋಡಿದೆ. ಅವರ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು. ಉಸಿರು ಎಷ್ಟು ಹೊತ್ತು ನಿಂತಿತು ಅಂತ. ಆಸ್ಪತ್ರೆಯಿಂದ ಬಂದಾಗ ಅವನು ಒಂದು ವಾಕ್ಯ ಹೇಳಲು ಮೂರು ಸಲ ನಿಲ್ಲಬೇಕಿತ್ತು.

ರಾವಣ ಸಿಟ್ಟಿನಿಂದ ಕಿತ್ತೆಸೆದ ಸಂಪುಟ, ದಾರ, ಬಟ್ಟೆ ಬಿದ್ದ ಜಾಗಗಳೆಲ್ಲ ಕ್ಷೇತ್ರಗಳಾದವು ಅನ್ನುತ್ತಾರಲ್ಲ. ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಸಜ್ಜೇಶ್ವರ. ಆ ಮಾತು ಬಂದಾಗ ಮಾಮ ಎದ್ದು, ಸಜ್ಜೇಶ್ವರ ನಮ್ಮ ಕಾರವಾರದ್ದು, ಅದನ್ನು ಇನ್ನೊಂದು ಸಲ ಹೇಳಿ ಅಂದರು. ಯಜಮಾನರು ಇನ್ನೊಂದು ಸಲ, ಹೆಚ್ಚು ರಾಗವಾಗಿ ಹೇಳಿದರು.

ಆ ರಾತ್ರಿಯದೇ ಇನ್ನೊಂದು ಸಂಗತಿ. ಹೇಳದೆ ಹೋದರೆ ತಪ್ಪಾಗುತ್ತದೆ. ಊಟಕ್ಕೆ ಎಲ್ಲರಿಗೂ ಸಾಲಾಗಿ ಬಾಳೆಲೆ ಹಾಕಿದ್ದರು. ಅಕ್ಕ ತನ್ನ ಎಲೆಯನ್ನು ತಾನೇ ಎಳೆದು, ಒಂದು ಮಾರು ದೂರ ಹಾಕಿಕೊಂಡು ಕೂತಳು. ಯಾರೂ ಹೇಳಿರಲಿಲ್ಲ. ಮನೆಯಾಕೆ "ಇಲ್ಲೇ ಬಾ" ಅಂದರು. "ಅಡ್ಡಿಲ್ಲ ಅಮ್ಮಾ, ಇಲ್ಲೇ ಗಾಳಿ ಬರ್ತದೆ" ಅಂದಳು. ಹೊರಗೆ ಜಡಿಮಳೆ, ಬಾಗಿಲ ಸಂದಿಯಿಂದ ಚಳಿಗಾಳಿ. ಅತ್ತೆ ತಲೆ ಎತ್ತಲಿಲ್ಲ. ನಾನು ಎಲ್ಲ ನೋಡಿದೆ, ಏನೂ ಹೇಳಲಿಲ್ಲ. ದಿನವಿಡೀ ನನ್ನ ಕಾಲಿನ ಉಂಬಳ ತೆಗೆದವಳು ಅವಳು. ನಾನು ಎದ್ದು ಹೋಗಿ ಅವಳ ಪಕ್ಕ ಕೂರಬಹುದಿತ್ತು. ಕೂರಲಿಲ್ಲ. ಇದು ನನಗೆ ಇವತ್ತಿಗೂ ನೋವು.

ಎರಡನೇ ದಿನ ದೇವಿಮನೆ ಘಟ್ಟ. ಮೇಲಿನ ದೇವಿಗೆ ಕಾಯಿ ಒಡೆಸಿ ಇಳಿಯಲು ಶುರುಮಾಡಿದೆವು. ಮೋಡ ನಮ್ಮ ಕಾಲಿನ ಕೆಳಗಿತ್ತು. ತಿರುವಿಗೊಂದು ಅಬ್ಬಿ. ಬೇಸಿಗೆಯಲ್ಲಿ ಕಲ್ಲು ಮಾತ್ರ ಕಾಣುವ ಜಾಗದಲ್ಲೆಲ್ಲ ಹಾಲಿನ ಹಾಗೆ ನೀರು. ಮಳೆಯ ಸದ್ದಿಗೆ ಮಾತು ಕೇಳದೆ, ಒಬ್ಬೊಬ್ಬರೂ ತಮ್ಮ ಪಾಡಿಗೆ ಹಾಡಲು ಶುರುಮಾಡಿದೆವು. ಅತ್ತೆಗೆ ನೂರಾರು ಸಂಪ್ರದಾಯದ ಹಾಡು ಬರುತ್ತದೆ. ಮಾಮನದು ವಿಠ್ಠಲ ವಿಠ್ಠಲ. ಅಕ್ಕನದು ನಾಟಿ ಹಾಡು. ಒಂದಕ್ಕೊಂದು ಸೇರದ ಮೂರು ಹಾಡು, ನಡುವೆ ಮಳೆ. ಆದರೆ ಹೆಜ್ಜೆ ಮಾತ್ರ ಎಲ್ಲರದೂ ಅತ್ತೆಯದೇ ಹೆಜ್ಜೆ. ಒಂದು ತಿರುವಿನಲ್ಲಿ ನನ್ನ ಬಾಯಿಂದಲೂ ಹಾಡು ಬಂತು. ಅಮ್ಮ ಅಡಿಗೆ ಮನೆಯಲ್ಲಿ ಗುನುಗುತ್ತಿದ್ದ ಹಾಡು. ಪದ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಡೆ ಅತ್ತೆ ಮುಂದಿನಿಂದ ಪದ ಕೊಟ್ಟರು. ಅವರಿಗೆ ಕೇಳಿಸುತ್ತಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ.

ಘಟ್ಟ ಇಳಿಯುತ್ತಾ ನನಗೆ ಬಹಳ ಖುಷಿ ಕೊಟ್ಟ ಒಂದು ವಿಚಾರ ಇದೆ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಊರೊಳಗಿನ ಶಂಕರಹೊಂಡವನ್ನೇ ಅದರ ಒಂದು ಮೂಲ ಅನ್ನುತ್ತಾರೆ. ನಾವು ಹೊರಟದ್ದು ಅಲ್ಲಿಂದಲೇ. ಅದು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡು ಸುತ್ತಿ, ಒಂದು ಅಣೆಕಟ್ಟಿಗೂ ಸಿಗದೆ ಕಡಲಿಗೆ ಬರುತ್ತದೆ. ನಾವು ಬೇರೆ ದಾರಿಯಲ್ಲಿ ಬಂದೆವು. ಮೂರನೇ ದಿನ ದೀವಗಿ ಸೇತುವೆಯ ಮೇಲೆ ನಿಂತಾಗ ಅದು ನಮ್ಮ ಕೆಳಗೇ ಹರಿಯುತ್ತಿತ್ತು. ಕೆಂಪಾಗಿ, ಅಗಲವಾಗಿ, ಮರದ ದಿಮ್ಮಿ ಹೊತ್ತುಕೊಂಡು. "ಇದೂ ನಮ್ಮ ಸಂಗಡ ಹೊರಟದ್ದೇ" ಅಂದರು ಅತ್ತೆ. ಕಂಬಳಿಯೊಳಗಿಂದ ಕೈ ತೆಗೆದು ಮುಗಿದರು.

ಎರಡನೇ ರಾತ್ರಿ ಕತಗಾಲದ ಹತ್ತಿರ ಒಂದು ಗುಡಿಯ ಜಗಲಿಯಲ್ಲಿ ಕಳೆಯಿತು. ಸೊಳ್ಳೆ ಜಾಸ್ತಿ, ನಿದ್ದೆ ಕಡಿಮೆ. ಅಷ್ಟು ಬಿಟ್ಟರೆ ಹೇಳುವಂಥದ್ದಿಲ್ಲ.

ಮೂರನೇ ರಾತ್ರಿ ಅಕ್ಕನ ದೊಡ್ಡಮ್ಮನ ಮನೆ. ಮಿರ್ಜಾನಿನಿಂದ ಸ್ವಲ್ಪ ಒಳಗೆ, ಗಜನಿಯ ಏರಿಯ ಮೇಲೆ. ಗಜನಿ ಅಂದರೆ ಕಡಲ ಉಪ್ಪುನೀರು ಹತ್ತಿ ಇಳಿಯುವ ಗದ್ದೆ. ಬೇರೆ ಭತ್ತ ಅಲ್ಲಿ ಸುಟ್ಟು ಹೋಗುತ್ತದೆ, ಕಗ್ಗ ಅನ್ನುವ ತಳಿ ಮಾತ್ರ ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುತ್ತದೆ. ಮನೆ ಚಿಕ್ಕದು. ನೆಲ ಆಗಷ್ಟೇ ಸಗಣಿ ಸಾರಿಸಿದ್ದು. ದೊಡ್ಡಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ನಿನ್ನೆಯಿಂದ ಮೀನು ತರ್ಲಿಲ್ಲ ಅಮ್ಮಾ. ಪಾತ್ರೆ ಪೂರ್ತಿ ಬೂದಿ ಹಾಕಿ ತಿಕ್ಕಿದ್ದೆ. ಒಲೆಯೂ ಸಾರಿಸಿದ್ದೆ." ಹಿಂದಿನ ದಿನವೇ ಅಕ್ಕ ಫೋನ್ ಮಾಡಿದ್ದಳು ಅಂತ ಆಗ ಗೊತ್ತಾಯಿತು.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಾಳೆ ಸೋಮವಾರ. ನನಗೆ ಇವತ್ತು ರಾತ್ರಿಯಿಂದಲೇ ಉಪವಾಸ. ಒಂದು ಬಾಳೆಹಣ್ಣು ಸಾಕು" ಅಂದರು. ಎಲ್ಲರಿಗೂ ಅರ್ಥವಾಯಿತು. ಅಕ್ಕ ಮುಖ ತಿರುಗಿಸಿ ಒಲೆ ಊದಿದಳು. ಅತ್ತೆ ಕೆಟ್ಟವರಲ್ಲ, ಅದನ್ನು ನಾನು ಹೇಳಲೇಬೇಕು. ಅರವತ್ತೇಳು ವರ್ಷ ಒಂದೇ ಥರದ ಅಡಿಗೆ ಮನೆಯಲ್ಲಿ ಬದುಕಿದ ಹೆಂಗಸು. ಒಳಗಿನ ಹೆದರಿಕೆ ಹೊರಬಾಗಿಲಿಗೆ ಬರುವುದು ತಡ. ನಾವು ನಾಲ್ವರು ಉಂಡೆವು. ಕೆಂಪಕ್ಕಿ ಅನ್ನ, ಕೆಸುವಿನ ಸೊಪ್ಪಿನ ಹುಳಿ. ಈ ಸಲ ನಾನು ಅಕ್ಕನ ಎಲೆಗೆ ತಾಗಿಸಿ ನನ್ನ ಎಲೆ ಹಾಕಿಕೊಂಡೆ.

ನಡುರಾತ್ರಿ ಅತ್ತೆಯ ಮೀನಖಂಡ ಹಿಡಿದುಕೊಂಡಿತು. ನರಳಿದ್ದು ಕೇಳಿ ಮೊದಲು ಎದ್ದವಳು ದೊಡ್ಡಮ್ಮ. ಅವಳಿಗೂ ಅತ್ತೆಯದೇ ವಯಸ್ಸು ಇರಬಹುದು. ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸಿದಳು. ಅತ್ತೆಯ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕತೊಡಗಿದಳು. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆಗಿತ್ತು. ಅಕ್ಕ ಅದಕ್ಕೆ ಮದರಂಗಿ ಸೊಪ್ಪು ಅರೆದು ಹಚ್ಚಿದಳು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಚಿಮಣಿಯ ಬೆಳಕಲ್ಲಿ ಇಬ್ಬರು ಮುದುಕಿಯರ ಮಾತು ಕೇಳುತ್ತಿತ್ತು. ಎಷ್ಟು ಹೆತ್ತೆ, ಎಷ್ಟು ಉಳಿಯಿತು. ಮೊದಲ ಹೆರಿಗೆ ಎಲ್ಲಾಯಿತು. ಅತ್ತೆ ಮನೆಯಲ್ಲಿ ಯಾರು ಗದರುತ್ತಿದ್ದರು. ಒಂದು ಹಂತದಲ್ಲಿ ಇಬ್ಬರೂ ನಗಲು ಶುರುಮಾಡಿದರು. ನಮಗೆ ಎಚ್ಚರವಾಗಬಾರದು ಅಂತ ಬಾಯಿಗೆ ಸೆರಗು ಹಿಡಿದು ನಗುವ ಸದ್ದು. ಮಳೆ ಆಗ ಕಡಿಮೆಯಾಗಿತ್ತು.

ಬೆಳಿಗ್ಗೆ ನಾನು ಎದ್ದಾಗ ಅತ್ತೆ ಒಲೆಯ ಮುಂದೆ ಕೂತಿದ್ದರು. ಕೈಯಲ್ಲಿ ಗಂಜಿಯ ಬಟ್ಟಲು, ಪಕ್ಕದಲ್ಲಿ ಮಾವಿನ ಮಿಡಿ. ಮಾಣಿ ಕಣ್ಣು ತಿಕ್ಕಿಕೊಳ್ಳುತ್ತಾ "ಅಮ್ಮಮ್ಮಾ, ಇವತ್ತು ಸೋಮವಾರ ಅಲ್ದಾ?" ಅಂದ.

"ನಡೆಯದು ಇದ್ದಲಾ ಮಾಣಿ" ಅಂದರು ಅತ್ತೆ. ದೊಡ್ಡಮ್ಮನ ಕಡೆ ಬಟ್ಟಲು ಚಾಚಿದರು. "ಅಕ್ಕಾ, ಇನ್ನೊಂದು ಸೌಟು ಹಾಕು."

ಅಲ್ಲಿಂದ ಮುಂದೆ ಅಕ್ಕ ಅತ್ತೆಯನ್ನು ಅಮ್ಮಾ ಅಂತ ಕರೆಯಲಿಲ್ಲ. ಅವಳಿಗೂ ಅತ್ತೆಯಾದರು. ಯಾರೂ ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ದೋಣಿಯ ಕೆಲಸಕ್ಕೆ ಹೊರಟ ಗಂಡಸರು ಬಲೆ ಹೊತ್ತು ಎದುರಾದರು. ಆಗಸ್ಟ್ 1 ಅಲ್ವಾ, ಕಡಲು ತೆರೆದ ದಿನ. ಅಕ್ಕ ಅವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿದಳು. ಎಲ್ಲಿಗೆ ಅಂತ ಅವರು ಕೇಳಿದ್ದಕ್ಕೆ "ಅತ್ತೆ ಕರ್ಕೊಂಡು ಗೋಕರ್ಣಕ್ಕೆ" ಅಂದಳು.

ಗೋಕರ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವೆಲ್ಲ ಹೋಗಿ ಬಂದವರು. ಕೋಟಿತೀರ್ಥದಲ್ಲಿ ಕಾಲು ತೊಳೆದೆವು. ಪದ್ಧತಿಯಂತೆ ಮೊದಲು ಮಹಾಗಣಪತಿ. ರಾವಣ ಗುದ್ದಿದ ಗುರುತು ತಲೆಯ ಮೇಲಿದೆ ಅನ್ನುತ್ತಾರಲ್ಲ, ಅದನ್ನು ಮಾಣಿ ಎಷ್ಟು ಹೊತ್ತು ನೋಡಿದನೋ. ಮೂರು ರಾತ್ರಿ ಹಿಂದೆ ತಾನೇ ಆ ಪಾತ್ರ ಮಾಡಿದ್ದನಲ್ಲ. ಮಹಾಬಲೇಶ್ವರನ ಸಾಲು ಉದ್ದ ಇತ್ತು. ಸಾಲಿನಲ್ಲೂ ನಾವು ಅದೇ ಕ್ರಮದಲ್ಲಿ ನಿಂತಿದ್ದೆವು. ಅತ್ತೆ, ನಾನು, ಅಕ್ಕ, ಮಾಮ, ಮಾಣಿ. ನನಗೆ ಅರಿವಿಲ್ಲದೆ ನಾನು ಅತ್ತೆಯ ಹಿಮ್ಮಡಿ ನೋಡುತ್ತಿದ್ದೆ. ಒಳಗೆ ನಿಂತಾಗ ನನಗೆ ಅಮ್ಮನ ಹೆಸರು ಬಿಟ್ಟು ಬೇರೆ ಏನೂ ನೆನಪಾಗಲಿಲ್ಲ. ಹೊರಬಂದ ಮೇಲೆ ಕಡಲ ತೀರಕ್ಕೆ ಹೋದೆವು. ಅಲೆ ಗೋಡೆಯ ಹಾಗೆ ಏಳುತ್ತಿತ್ತು, ಹತ್ತಿರ ಹೋಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮಳೆಯ ಸುಖ ಹೇಳಿ ಅದರ ಭಯ ಬಿಟ್ಟರೆ ಸುಳ್ಳಾಗುತ್ತದೆ. ನಾವು ಗೋಕರ್ಣ ಮುಟ್ಟಿದ ರಾತ್ರಿಯೇ ಭಟ್ಕಳದಲ್ಲಿ ಭಾರೀ ಮಳೆಯಾಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಸಭೆಯಲ್ಲೇ ಅಲ್ಲಿಯ ಗುರುತಿನವರು ಇರಬಹುದು. ನಾವು ಈಗಲೂ ನಡೆಯುತ್ತೇವೆ, ಆದರೆ ಆಗಿನಿಂದ ನಡಿಗೆಯ ನಿಯಮ ಬದಲಿಸಿದ್ದೇವೆ. ಹವಾಮಾನ ಇಲಾಖೆಯವರು ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಕೊಟ್ಟಿದ್ದರೆ ಹೊರಡುವುದಿಲ್ಲ. ನಡುವೆ ಬಂದರೆ ಎಲ್ಲಿದ್ದೇವೋ ಅಲ್ಲೇ ನಿಲ್ಲುತ್ತೇವೆ. ಕಡಿದ ಗುಡ್ಡದ ಬುಡದಲ್ಲಿ ಕೂತು ಸುಧಾರಿಸಿಕೊಳ್ಳುವುದಿಲ್ಲ. ಸೋಮವಾರ ತಪ್ಪಿದರೆ ಮುಂದಿನ ಸೋಮವಾರ ಇದೆ. ಕಾಲುಸಂಕದ ಮೇಲೆ ನೀರು ಬಂದಿದ್ದರೆ ದಾಟುವುದೇ ಇಲ್ಲ, ಎಷ್ಟು ಸುತ್ತಾದರೂ ಸರಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಏನೇನು ಒಯ್ಯಬೇಕು ಅಂತ ಒಬ್ಬರು. ಎರಡು ಜೊತೆ ಬಟ್ಟೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ, ಉಪ್ಪು, ತೆಂಗಿನೆಣ್ಣೆ, ಅವಲಕ್ಕಿ, ಬೆಲ್ಲ, ಟಾರ್ಚು. ಬೂಟು ಬೇಡ, ಒಳಗೆ ನೀರು ನಿಂತು ಕಾಲು ಕೊಳೆಯುತ್ತದೆ, ಹಿಡಿತ ಇರುವ ರಬ್ಬರ್ ಚಪ್ಪಲಿ ಸಾಕು ಅಂದೆ. ಒಬ್ಬಳೇ ನಡೆಯಬಹುದಾ ಅಂತ ಒಬ್ಬಳು ಹುಡುಗಿ ಕೇಳಿದಳು. ನಡೆಯಬಹುದು, ಆದರೆ ಈ ದಾರಿಯಲ್ಲಿ ಈ ಮಳೆಯಲ್ಲಿ ನಾನಾದರೆ ನಡೆಯುವುದಿಲ್ಲ, ನಮ್ಮ ಸಂಗಡ ಬಾ ಅಂದೆ. ಅವಳು ನಂಬರ್ ಬರೆದುಕೊಂಡಳು.

ಅತ್ತೆ ಈಗ ಹೇಗಿದ್ದಾರೆ ಅಂತ ಕೇಳಿದವರು ಒಬ್ಬ ಹಿರಿಯರು. ಚೆನ್ನಾಗಿದ್ದಾರೆ. ಮೊಣಕಾಲು ಘಟ್ಟ ಇಳಿಯಲು ಬಿಡುವುದಿಲ್ಲ. ಮಾರಿಕಾಂಬೆಯ ಬಾಗಿಲವರೆಗೆ ಬಂದು ನಮ್ಮನ್ನು ಕಳಿಸುತ್ತಾರೆ. ಹೋದ ಸಲ ಹೊರಡುವಾಗ ಆ ಕರಿ ಕಂಬಳಿಯನ್ನು ಮಡಚಿ ಅಕ್ಕನ ತೋಳಿಗೆ ಹಾಕಿ, ಇದು ದೊಡ್ಡಮ್ಮಂಗೆ, ಅಂದರು. ಮಿರ್ಜಾನಿಗೆ ಮುಟ್ಟಿಸಿ ಬಂದೆವು. ಮಳೆ ಬಿಟ್ಟ ಮೇಲೆ ದೊಡ್ಡಮ್ಮ ಶಿರಸಿಗೆ ಫೋನ್ ಮಾಡಿಸಿದ್ದಳು. ಕಂಬಳಿ ಎರಡು ದಿನ ಬಿಸಿಲಿಗೆ ಹಾಕಿದ್ದೆ, ಒಳಗೆ ನುಸಿ ಹಿಡಿಯಬಾರದು ಅಂತ ಲಕ್ಕಿಸೊಪ್ಪು ಇಟ್ಟಿದ್ದೆ, ಅತ್ತೆಗೆ ಹೇಳಿ ಅಂತ.